ಅಂತರ್ಜಾಲದ ಗಡಿಬಾಗಿಲು

೧

ರಾಜ್ಯಗಳ ಚರಿತ್ರೆಯಲ್ಲಿ ಗಡಿಗಳಿಗೆ ಎಷ್ಟು ಪ್ರಾಧಾನ್ಯವುಂಟೋ ಗಣಕಯಂತ್ರಗಳ ಜಾಲದ ಚರಿತ್ರೆಯಲ್ಲಿಯೂ ಅವಕ್ಕೆ ಅಷ್ಟೇ ಪ್ರಾಧಾನ್ಯವುಂಟು. ಅಂತರ್ಜಾಲವೆಂಬ ಹೆಸರನ್ನು ಕೇಳಿದೊಡನೆ ಒಂದೇ ಒಂದು ಬಲೆಯು ಭೂಮಂಡಲವನ್ನೆಲ್ಲ ಆವರಿಸಿಕೊಂಡಿರುವಂತೆ ಭಾಸವಾಗುವುದು ಸಹಜವೇ ಸರಿ. ಆದರೆ ವಸ್ತುಸ್ಥಿತಿಯು ಹಾಗಿಲ್ಲ. ಬೇರೆ ಬೇರೆ ಒಡೆಯರಿಗೆ ಸೇರಿದ, ತಮ್ಮ ತಮ್ಮ ಕಟ್ಟಳೆಗಳಂತೆ ನಡೆಯುವ ಹಲವು ಸಾವಿರ ಜಾಲಗಳು ಒಂದಕ್ಕೊಂದು ಹೊಂದಿಕೊಂಡು ಬಾಳುತ್ತಿರುವುದಕ್ಕೇ ಆ ಹೆಸರು ಬಂದಿದೆ. ಇವುಗಳಿಗೆಲ್ಲ ಒಬ್ಬ ಚಕ್ರವರ್ತಿಯಿಲ್ಲ. ಎಲ್ಲ ದಾರಿಗಳನ್ನೂ ಗುರುತಿಸಿ ಇಟ್ಟಿರುವ ಒಂದು ಮೂಲ ಭೂಪಟವೂ ಎಲ್ಲಿಯೂ ಇಲ್ಲ. ಹೀಗಿದ್ದರೂ ಒಂದು ಊರಿನ ಮನೆಯಿಂದ ಹೊರಟ ಸಂದೇಶವು ಹತ್ತಾರು ಪರಜಾಲಗಳನ್ನು ದಾಟಿ, ಒಂದು ನಿಮಿಷದ ಅತ್ಯಲ್ಪ ಭಾಗದಲ್ಲಿ, ಸಮುದ್ರದಾಚೆಯ ಇನ್ನೊಂದು ಮನೆಯನ್ನು ತಪ್ಪದೆ ಸೇರುತ್ತದೆ.

ಇದು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆಗೆ ಉತ್ತರವು ಒಂದು ಒಡಂಬಡಿಕೆಯಲ್ಲಿದೆ. ಅದರ ಹೆಸರು ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್; ಆ ಕಸುಬಿನವರು ಹ್ರಸ್ವವಾಗಿ ಬಿ.ಜಿ.ಪಿ. ಎನ್ನುವರು. ಗಡಿಬಾಗಿಲಿನ ನಡೆವಳಿ ಎಂದು ಅದರ ಅರ್ಥವನ್ನು ಹೇಳಬಹುದು. ಒಂದು ಜಾಲದ ಗಡಿಯಲ್ಲಿ ನಿಂತ ರೌಟರ್ ಎಂಬ ಯಂತ್ರವು ನೆರೆಜಾಲದ ರೌಟರಿನೊಡನೆ ಯಾವ ಮಾತನ್ನು ಆಡಬೇಕು, ಕೇಳಿದ ಮಾತನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಎಂಬುದೇ ಈ ಒಡಂಬಡಿಕೆಯ ಸಾರ. ಮನೆಯೊಳಗಿನ ಮಾತಿಗೂ ಮನೆಯ ಹೊರಗಿನ ಮಾತಿಗೂ ಇದು ಒಂದು ಭೇದವನ್ನು ಕಲ್ಪಿಸಿತು. ಅಂತರ್ಜಾಲವು ಇಷ್ಟು ದೊಡ್ಡದಾಗಿ ಬೆಳೆದದ್ದು ಆ ಭೇದದಿಂದ. ಅದಕ್ಕೆ ಒದಗಿದ ದೊಡ್ಡ ವಿಪತ್ತುಗಳು ಕೆಲವು ಹುಟ್ಟಿದ್ದು ಆ ಭೇದವು ಕದಡಿಹೋದ ಎಡೆಗಳಲ್ಲಿ. ಈ ಎರಡು ಸಂಗತಿಗಳನ್ನೂ ಚರಿತ್ರೆಯ ಕ್ರಮದಲ್ಲಿ ಪರಿಶೀಲಿಸುವುದು ಯುಕ್ತವಾಗಿದೆ.

೨

ಮೊದಲು ಇದ್ದದ್ದು ಒಂದೇ ಮನೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಕ್ಷಣಾ ಇಲಾಖೆಯ ದ್ರವ್ಯಸಹಾಯದಿಂದ ಕಟ್ಟಲ್ಪಟ್ಟ ಅರ್ಪಾನೆಟ್ ಎಂಬ ಜಾಲದಲ್ಲಿ ೧೯೬೯ನೆಯ ಇಸವಿ ಅಕ್ಟೋಬರ್ ೨೯ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲನೆಯ ಸಂದೇಶವು ಹೋಯಿತು. ಆ ವರ್ಷಾಂತ್ಯದಲ್ಲಿ ಅದಕ್ಕೆ ಇದ್ದ ನೆಲೆಗಳು ನಾಲ್ಕು ಮಾತ್ರ. ಪ್ರತಿ ನೆಲೆಯಲ್ಲಿಯೂ ದಾರಿ ತೋರಿಸುವ ಒಂದೊಂದು ಯಂತ್ರವಿದ್ದು, ಅವೆಲ್ಲವನ್ನೂ ಕಟ್ಟಿ ನೋಡಿಕೊಳ್ಳುತ್ತಿದ್ದದ್ದು ಮ್ಯಾಸಚೂಸೆಟ್ಸಿನ ಬಿ.ಬಿ.ಎನ್. ಎಂಬ ಒಂದೇ ಸಂಸ್ಥೆ. ಯಂತ್ರಗಳು ತಮಗೆ ಗೊತ್ತಿದ್ದ ದಾರಿಗಳ ವರ್ತಮಾನವನ್ನು ಪರಸ್ಪರ ಹೇಳಿಕೊಳ್ಳುತ್ತಿದ್ದವು. ಒಂದೇ ಒಡೆತನವಾದುದರಿಂದ ಯಾರ ಮಾತನ್ನು ನಂಬಬೇಕು, ಯಾರದನ್ನು ನಂಬಬಾರದು ಎಂಬ ವಿಚಾರವೇ ಏಳುತ್ತಿರಲಿಲ್ಲ.

ಈ ವಿಶ್ವಾಸಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ೧೯೮೦ನೆಯ ಇಸವಿ ಅಕ್ಟೋಬರ್ ೨೭ರಂದು. ಅಂದು ಅರ್ಪಾನೆಟ್ ಸಂಪೂರ್ಣವಾಗಿ ಸ್ತಬ್ಧವಾಗಿ ಹಲವು ಗಂಟೆಗಳ ಕಾಲ ನಿರುಪಯುಕ್ತವಾಯಿತು. ಕಾರಣವನ್ನು ಶೋಧಿಸಲಾಗಿ, ಒಂದು ಯಂತ್ರದ ದೋಷದಿಂದ ಒಂದೇ ವರ್ತಮಾನದ ಮೂರು ಕೆಟ್ಟ ಪ್ರತಿಗಳು ಹುಟ್ಟಿಕೊಂಡದ್ದು ಗೊತ್ತಾಯಿತು. ಅವುಗಳ ಕ್ರಮಸಂಖ್ಯೆಗಳು ೮, ೪೦ ಮತ್ತು ೪೪. ಆಗಿನ ಲೆಕ್ಕದ ಪದ್ಧತಿಯಲ್ಲಿ ಸಂಖ್ಯೆಗಳು ಗಡಿಯಾರದ ಮುಖದಂತೆ ಸುತ್ತಿ ಬರುತ್ತಿದ್ದುದರಿಂದ ೮ಕ್ಕಿಂತ ೪೦ ಹೊಸದು, ೪೦ಕ್ಕಿಂತ ೪೪ ಹೊಸದು, ೪೪ಕ್ಕಿಂತ ತಿರುಗಿ ೮ ಹೊಸದು ಎಂದು ಯಂತ್ರಗಳು ತಿಳಿದವು. ಹೊಸ ವರ್ತಮಾನವನ್ನು ಕೂಡಲೇ ನೆರೆಯವರಿಗೆ ಹೇಳತಕ್ಕದ್ದೆಂಬುದು ನಿಯಮ. ಆದ್ದರಿಂದ ಆ ಮೂರು ಹುಸಿಗಳು ಒಂದನ್ನೊಂದು ಅಟ್ಟಿಕೊಂಡು ಜಾಲದಲ್ಲೆಲ್ಲ ಸುತ್ತುತ್ತ ಬೇರೆ ಯಾವ ಕೆಲಸಕ್ಕೂ ಎಡೆಗೊಡಲಿಲ್ಲ. ಒಂದು ಮೂಲೆಯ ಯಂತ್ರವು ಕೆಟ್ಟರೆ ಮನೆಯೆಲ್ಲ ಕೆಡುವುದೆಂಬುದು ಆಗ ಪ್ರತ್ಯಕ್ಷವಾಯಿತು.

ಈ ಅಪಘಾತವನ್ನು ಪರಿಶೋಧಿಸಿ ೧೯೮೧ರಲ್ಲಿ ವರದಿಯನ್ನು ಬರೆದವರು ಬಿ.ಬಿ.ಎನ್. ಸಂಸ್ಥೆಯ ಎರಿಕ್ ರೋಸೆನ್. ಮರುವರ್ಷ ಅಕ್ಟೋಬರಿನಲ್ಲಿ ಅವರೇ ಇನ್ನೊಂದು ಬರಹವನ್ನು ಹೊರಡಿಸಿದರು. ಅಂತರ್ಜಾಲದ ತಂತ್ರಜ್ಞರು ೧೯೬೯ರಿಂದ ನಡೆಯಿಸಿಕೊಂಡು ಬಂದಿರುವ ಆರ್.ಎಫ್.ಸಿ. ಎಂಬ ಲೇಖನಮಾಲೆಯಲ್ಲಿ ಅದರ ಸಂಖ್ಯೆ ೮೨೭. ಅಷ್ಟರಲ್ಲಿ ಅರ್ಪಾನೆಟ್ಟಿನ ಸುತ್ತಲೂ ಬೇರೆ ಬೇರೆ ಜಾಲಗಳು ಹುಟ್ಟಿ ಅದಕ್ಕೆ ಕೂಡಿಕೊಳ್ಳಲಾರಂಭಿಸಿದ್ದವು. ಬೇರೆ ಬೇರೆ ಕೈಗಳಲ್ಲಿರುವ ಯಂತ್ರಗಳನ್ನೆಲ್ಲ ಒಂದೇ ಜಾಲವೆಂದು ಭಾವಿಸಿ ನಡೆಯಿಸಹೊರಟರೆ ದೋಷವು ಎಲ್ಲಿ ಹುಟ್ಟಿತೆಂದು ಹುಡುಕುವುದೇ ದುಸ್ಸಾಧ್ಯವಾಗುವುದೆಂದು ರೋಸೆನ್ನರು ತೋರಿಸಿ, ಇಡೀ ಜಾಲಸಮುದಾಯವನ್ನು ಅಟಾನಮಸ್ ಸಿಸ್ಟಮ್, ಎಂದರೆ ಸ್ವಾಯತ್ತ ಮಂಡಲಗಳಾಗಿ ವಿಭಾಗಿಸಬೇಕೆಂದು ಸೂಚಿಸಿದರು. ಒಂದು ಆಡಳಿತಕ್ಕೆ ಒಳಪಟ್ಟ ರೌಟರುಗಳದ್ದು ಒಂದು ಮಂಡಲ. ಅದಕ್ಕೆ ಒಂದು ಸಂಖ್ಯೆ. ಮಂಡಲದ ಒಳಗೆ ದಾರಿಗಳನ್ನು ಹೇಗೆ ಕಂಡುಕೊಳ್ಳಬೇಕೆಂಬುದು ಆಯಾ ಒಡೆಯನ ಇಷ್ಟ. ಮಂಡಲ ಮಂಡಲಗಳ ನಡುವೆ ಮಾತ್ರ ಎಲ್ಲರೂ ಒಪ್ಪಿದ ಒಂದು ಭಾಷೆಯಿರತಕ್ಕದ್ದು. ಒಳಗು ಹೊರಗು ಎಂಬ ವಿಭಾಗಕ್ಕೆ ಹೀಗೆ ತಳಹದಿಯು ಬಿದ್ದಿತು.

೩

ರೋಸೆನ್ನರು ಸೂಚಿಸಿದ ಹೊರಭಾಷೆಗೆ ಇ.ಜಿ.ಪಿ. ಎಂದು ಹೆಸರು. ೧೯೮೪ರ ಏಪ್ರಿಲಿನಲ್ಲಿ ಡೇವಿಡ್ ಮಿಲ್ಸ್ ಎಂಬವರು ಅದನ್ನು ವಿಧಿವತ್ತಾಗಿ ನಿರೂಪಿಸಿದರು. ಅದು ಕೆಲವು ವರ್ಷ ಚೆನ್ನಾಗಿಯೇ ನಡೆಯಿತಾದರೂ ಅದರಲ್ಲಿ ಒಂದು ಮೂಲಭೂತವಾದ ಕೊರತೆಯಿದ್ದಿತು. ಜಾಲಗಳೆಲ್ಲ ಒಂದು ಮರದ ಆಕಾರದಲ್ಲಿರುವುವು, ನಡುವೆ ಒಂದು ಕಾಂಡವಿದ್ದು ಉಳಿದವೆಲ್ಲ ಅದರ ಕೊಂಬೆಗಳಾಗಿರುವುವು ಎಂಬುದು ಅದರ ನಂಬಿಕೆ. ಮರದಲ್ಲಿ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗಲು ಇರುವುದು ಒಂದೇ ದಾರಿಯಷ್ಟೆ. ಆದುದರಿಂದ ಇ.ಜಿ.ಪಿ.ಯು ಇಂತಹ ಜಾಲವು ಈ ಕಡೆಯಿಂದ ಸಿಕ್ಕುವುದೆಂದು ಹೇಳುತ್ತಿದ್ದಿತೇ ಹೊರತು ಯಾರ ಯಾರ ಮೂಲಕ ಸಿಕ್ಕುವುದೆಂದು ಹೇಳುತ್ತಿರಲಿಲ್ಲ. ಕೊಂಬೆಗಳು ತಮ್ಮ ತಮ್ಮಲ್ಲಿಯೇ ಹೆಣೆದುಕೊಂಡವೆಂದರೆ ಸಂದೇಶಗಳು ಗಾಣದೆತ್ತಿನಂತೆ ಸುತ್ತಿದಲ್ಲಿಯೇ ಸುತ್ತುವ ಭಯವಿದ್ದಿತು.

ಕೊಂಬೆಗಳು ಹೆಣೆದುಕೊಳ್ಳುವ ಕಾಲವು ಬಲು ಬೇಗ ಬಂದಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ೧೯೮೬ರಲ್ಲಿ ಎನ್.ಎಸ್.ಎಫ್. ನೆಟ್ ಎಂಬ ಜಾಲವನ್ನು ಆರಂಭಿಸಿತು. ಮೊದಲು ಅದರ ತಂತಿಗಳ ವೇಗ ಸೆಕೆಂಡಿಗೆ ೫೬ ಕಿಲೋಬಿಟ್. ೧೯೮೮ರ ಜುಲೈಯಲ್ಲಿ ಅದು ೧೩ ನೆಲೆಗಳನ್ನು ಸೆಕೆಂಡಿಗೆ ೧.೫ ಮೆಗಾಬಿಟ್ ವೇಗದಲ್ಲಿ ಕೂಡಿಸುವ ಹೆದ್ದಾರಿಯಾಯಿತು. ಅದರ ಎರಡು ಪಕ್ಕಗಳಲ್ಲಿಯೂ ಪ್ರಾಂತೀಯ ಜಾಲಗಳು ಎದ್ದು, ಒಂದೊಂದಕ್ಕೂ ಎರಡು ಮೂರು ಕಡೆ ಸಂಬಂಧಗಳು ಬೆಳೆದವು. ಒಂದೇ ಕಾಂಡದ ಮರವೆಂಬ ಭಾವನೆಯು ಇನ್ನು ನಿಲ್ಲುವಂತಿರಲಿಲ್ಲ.

೪

೧೯೮೯ರ ಜನವರಿಯಲ್ಲಿ ಟೆಕ್ಸಾಸಿನ ಆಸ್ಟಿನ್ ಪಟ್ಟಣದಲ್ಲಿ ಅಂತರ್ಜಾಲದ ತಂತ್ರಜ್ಞರ ಸಭೆಯು ಸೇರಿದ್ದಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಐ.ಬಿ.ಎಂ. ಸಂಸ್ಥೆಯ ಯಾಕೋವ್ ರೆಖ್ಟರ್ ಮತ್ತು ಸಿಸ್ಕೊ ಸಂಸ್ಥೆಯ ಕರ್ಕ್ ಲಾಹೀಡ್ ಎಂಬವರು ಇದೇ ತೊಡಕನ್ನು ಕುರಿತು ಮಾತನಾಡುತ್ತ ಕುಳಿತರು. ಸಿಸ್ಕೊ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಲೆನ್ ಬೋಸಾಕರೂ ಜೊತೆಗಿದ್ದರು. ಬರೆಯಲು ಬೇರೆ ಕಾಗದವಿಲ್ಲದೆ ಕೈಯೊರೆಸುವ ಕಾಗದದ ಹಾಳೆಗಳ ಮೇಲೆಯೇ ಹೊಸ ಒಡಂಬಡಿಕೆಯ ರೂಪುರೇಖೆಯನ್ನು ಗುರುತುಹಾಕಿದರು. ಅದರಿಂದಲೇ ಕೈಯೊರೆಸಿನ ಮೇಲೆ ಬರೆದ ಪ್ರೋಟೋಕಾಲ್ ಎಂಬ ವಿನೋದದ ಹೆಸರು ಅದಕ್ಕೆ ಇಂದಿಗೂ ಉಳಿದುಬಂದಿದೆ. ಅದೇ ವರ್ಷ ಜೂನಿನಲ್ಲಿ ಲಾಹೀಡ್ ಮತ್ತು ರೆಖ್ಟರ್ ಇಬ್ಬರ ಹೆಸರಿನಲ್ಲಿ ಆರ್.ಎಫ್.ಸಿ. ೧೧೦೫ ಪ್ರಕಟವಾಯಿತು.

ಆ ಊಟದ ಮೇಜಿನ ಮೇಲೆ ಹೊಳೆದ ಮುಖ್ಯ ವಿಚಾರವು ಅತ್ಯಂತ ಸರಳವಾದುದು. ದಾರಿಯನ್ನು ಸಾರುವಾಗ ಆ ದಾರಿಯು ಯಾವ ಯಾವ ಮಂಡಲಗಳನ್ನು ಹಾದುಬಂದಿದೆಯೋ ಅವುಗಳ ಸಂಖ್ಯೆಗಳನ್ನೆಲ್ಲ ಜೊತೆಯಲ್ಲಿಯೇ ಹೇಳತಕ್ಕದ್ದು. ವಂದನೆಯನ್ನು ಮಾಡುವವನು ತನ್ನ ಗೋತ್ರಪ್ರವರವನ್ನು ಹೇಳುವಂತೆ ಪ್ರತಿಯೊಂದು ದಾರಿಯೂ ತನ್ನ ಪ್ರವರವನ್ನು ಹೊತ್ತುಕೊಂಡು ಬರುತ್ತದೆ. ಪ್ರತಿ ಮಂಡಲವೂ ಅದನ್ನು ಮುಂದಿನ ಮಂಡಲಕ್ಕೆ ಒಪ್ಪಿಸುವಾಗ ತನ್ನ ಸಂಖ್ಯೆಯನ್ನು ಮೊದಲಿಗೆ ಸೇರಿಸುತ್ತದೆ. ಬಂದ ಪ್ರವರದಲ್ಲಿ ತನ್ನದೇ ಸಂಖ್ಯೆಯು ಕಂಡುಬಂದರೆ ಆ ದಾರಿಯು ಸುತ್ತಿ ತನ್ನಲ್ಲಿಗೇ ಬಂದಿತೆಂದು ತಿಳಿದು ಅದನ್ನು ಬಿಟ್ಟುಬಿಡುತ್ತದೆ. ಇಷ್ಟರಿಂದಲೇ ಸುತ್ತುವ ದಾರಿಗಳ ಭಯವು ಪರಿಹಾರವಾಯಿತು. ಜಾಲಗಳು ಮರದಂತಿರಬೇಕೆಂಬ ನಿರ್ಬಂಧವೂ ಕಳಚಿಬಿದ್ದಿತು.

ಮೊದಲನೆಯ ಪಾಠದಲ್ಲಿ ಮೇಲು, ಕೆಳಗು, ಸಮಾನ, ಒಳಗು ಎಂದು ನೆರೆಯವರಲ್ಲಿ ನಾಲ್ಕು ಬಗೆಯ ಸಂಬಂಧಗಳನ್ನು ಹೇಳಿದ್ದಿತು. ಒಂದೇ ವರ್ಷದಲ್ಲಿ, ೧೯೯೦ರ ಜೂನಿನ ಎರಡನೆಯ ಪಾಠದಲ್ಲಿ, ಮೇಲುಕೆಳಗುಗಳನ್ನು ಕೈಬಿಡಲಾಯಿತು. ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದು ಒಡಂಬಡಿಕೆಗೆ ಅನಾವಶ್ಯಕವೆಂದು ಕಂಡುಬಂದಿತು. ಉಳಿದುಕೊಂಡ ಭೇದವು ಒಂದೇ: ಒಳಗಿನ ನೆರೆ ಮತ್ತು ಹೊರಗಿನ ನೆರೆ. ೧೯೯೧ರಲ್ಲಿ ಮೂರನೆಯ ಪಾಠವೂ ೧೯೯೪ರಲ್ಲಿ ನಾಲ್ಕನೆಯದೂ ಬಂದವು. ವಿಳಾಸಗಳನ್ನು ಬೇಕಾದ ಗಾತ್ರದ ಗುಂಪುಗಳಾಗಿ ಕೂಡಿಸಿ ಸಾರುವ ಸೌಕರ್ಯವು ನಾಲ್ಕನೆಯ ಪಾಠದಿಂದ ದೊರಕಿತು. ೧೯೯೫ರ ಏಪ್ರಿಲ್ ೩೦ರಂದು ಎನ್.ಎಸ್.ಎಫ್. ನೆಟ್ಟಿನ ಹೆದ್ದಾರಿಯನ್ನು ಮುಚ್ಚಿದಾಗ, ನಡುವೆ ಕಾಂಡವೇ ಇಲ್ಲದ ಅಂತರ್ಜಾಲವು ಬೀಳದೆ ನಿಂತದ್ದು ಈ ನಾಲ್ಕನೆಯ ಪಾಠದ ಆಧಾರದಿಂದ. ೨೦೦೬ರಲ್ಲಿ ಅದನ್ನು ಪರಿಷ್ಕರಿಸಿ ೧೦೪ ಪುಟಗಳ ಬರಹವಾಗಿ ಪ್ರಕಟಿಸಿದರು. ಪಾಠಸಂಖ್ಯೆಯು ಇಂದಿಗೂ ನಾಲ್ಕೇ.

೫

ಒಳಗು ಹೊರಗುಗಳ ಈ ಭೇದವು ಯಂತ್ರದಲ್ಲಿ ಹೇಗೆ ನಡೆಯುವುದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಉದಾಹರಣೆಗಳಿಗೆಂದೇ ಮೀಸಲಾಗಿರುವ ಸಂಖ್ಯೆಗಳು ಕೆಲವುಂಟು. ಅವುಗಳಲ್ಲಿ ೬೪೫೦೦ ಎಂಬ ಮಂಡಲಕ್ಕೆ ಕ, ಖ ಎಂಬ ಎರಡು ರೌಟರುಗಳಿರಲಿ. ೬೪೫೦೧ ಎಂಬ ನೆರೆಮಂಡಲದ ಗಡಿಯಲ್ಲಿ ಗ ಎಂಬ ರೌಟರಿರಲಿ. ಕ ಮತ್ತು ಗ ಒಂದೇ ತಂತಿಯ ಎರಡು ತುದಿಗಳಲ್ಲಿವೆ. ಆ ತಂತಿಯಲ್ಲಿ ಕ ರೌಟರಿನ ವಿಳಾಸ ೧೯೨.೦.೨.೧, ಗ ರೌಟರಿನದು ೧೯೨.೦.೨.೨.

ಕ ರೌಟರನ್ನು ನೋಡಿಕೊಳ್ಳುವವನು ಅದರಲ್ಲಿ ಬರೆಯಬೇಕಾದದ್ದು ಸ್ವಲ್ಪವೇ. ತನ್ನ ಮಂಡಲ ೬೪೫೦೦. ತನ್ನ ನೆರೆಯವನ ವಿಳಾಸ ೧೯೨.೦.೨.೨, ಆ ನೆರೆಯವನ ಮಂಡಲ ೬೪೫೦೧. ಗ ರೌಟರಿನಲ್ಲಿ ಇದಕ್ಕೆ ಸರಿಯಾಗಿ ಇದಿರುಬದಿಯ ವಿವರವನ್ನು ಬರೆಯಬೇಕು. ಎರಡೂ ಕಡೆ ಬರೆಯದಿದ್ದರೆ ಮಾತು ಆರಂಭವಾಗದು, ಬಿ.ಜಿ.ಪಿ.ಯಲ್ಲಿ ನೆರೆತನವು ತಾನಾಗಿ ಹುಟ್ಟುವುದಿಲ್ಲ, ಎರಡು ಮನೆಯವರೂ ಕೂಡಿ ಒಪ್ಪಿಯೇ ಆಗಬೇಕು. ಒಳಗಿನ ನೆರೆಯೋ ಹೊರಗಿನ ನೆರೆಯೋ ಎಂದು ಯಂತ್ರಕ್ಕೆ ಬೇರೆಯಾಗಿ ಹೇಳಬೇಕಾದುದೂ ಇಲ್ಲ. ಎರಡು ಸಂಖ್ಯೆಗಳು ಒಂದೇ ಆದರೆ ಒಳಗು, ಬೇರೆಯಾದರೆ ಹೊರಗು ಎಂದು ಅದು ತಾನೇ ತಿಳಿದುಕೊಳ್ಳುತ್ತದೆ. ಒಳಗಿನ ಮಾತುಕತೆಗೆ ಐ.ಬಿ.ಜಿ.ಪಿ. ಎಂದೂ ಹೊರಗಿನದಕ್ಕೆ ಇ.ಬಿ.ಜಿ.ಪಿ. ಎಂದೂ ಹೆಸರು.

ಅನಂತರ ಇಬ್ಬರೂ ಟಿ.ಸಿ.ಪಿ. ಎಂಬ ನಂಬುಗೆಯ ಕಾಲುವೆಯನ್ನು ೧೭೯ನೆಯ ಬಾಗಿಲಿನಲ್ಲಿ ತೆರೆದು ಮಾತಿಗೆ ತೊಡಗುವರು. ಅವರ ಮಾತುಗಳು ಮೂಲತಃ ನಾಲ್ಕು ಬಗೆ. ಮೊದಲನೆಯದು ಪರಿಚಯವನ್ನು ಹೇಳಿಕೊಳ್ಳುವುದು. ಎರಡನೆಯದು ಹೊಸ ದಾರಿಯನ್ನು ಸಾರುವುದು ಅಥವಾ ಹಿಂದೆ ಸಾರಿದ್ದನ್ನು ಹಿಂದೆಗೆದುಕೊಳ್ಳುವುದು. ಮೂರನೆಯದು ತಪ್ಪನ್ನು ತಿಳಿಸಿ ಮಾತು ಮುಗಿಸುವುದು. ನಾಲ್ಕನೆಯದು ಬದುಕಿದ್ದೇನೆಂದು ಆಗಾಗ ತಿಳಿಸುತ್ತಿರುವುದು. ೯೦ ಸೆಕೆಂಡುಗಳ ಕಾಲ ನೆರೆಯವನ ಸದ್ದಿಲ್ಲದಿದ್ದರೆ ಅವನು ಇಲ್ಲವೆಂದೇ ತಿಳಿದು, ಅವನಿಂದ ಕೇಳಿದ ದಾರಿಗಳನ್ನೆಲ್ಲ ಅಳಿಸಬೇಕೆಂಬುದು ಸೂಚಿತವಾದ ಅವಧಿ; ಬೇಕಾದರೆ ಇದನ್ನು ಬದಲಾಯಿಸಿಕೊಳ್ಳಬಹುದು.

ಈಗ ಗ ರೌಟರು ತನ್ನ ಮಂಡಲದ ೨೦೩.೦.೧೧೩.೦ ಎಂಬಲ್ಲಿಂದ ತೊಡಗುವ ೨೫೬ ವಿಳಾಸಗಳಿಗೆ ದಾರಿಯು ತನ್ನಲ್ಲಿದೆಯೆಂದು ಕ ರೌಟರಿಗೆ ಸಾರುತ್ತದೆ. ಪ್ರವರದಲ್ಲಿ ೬೪೫೦೧ ಎಂಬ ಒಂದೇ ಸಂಖ್ಯೆಯಿರುತ್ತದೆ. ಮುಂದಿನ ಹೆಜ್ಜೆಯ ವಿಳಾಸ ೧೯೨.೦.೨.೨. ಕ ರೌಟರು ಇದನ್ನು ತನ್ನ ಮನೆಯವನೇ ಆದ ಖ ರೌಟರಿಗೆ ತಿಳಿಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮನೆಯೊಳಗಿನ ಮಾತಾದುದರಿಂದ ಪ್ರವರಕ್ಕೆ ೬೪೫೦೦ ಸೇರುವುದಿಲ್ಲ. ಸಂಖ್ಯೆಯು ಸೇರುವುದು ಹೊಸ್ತಿಲನ್ನು ದಾಟುವಾಗ ಮಾತ್ರ. ಎರಡನೆಯದಾಗಿ, ಮುಂದಿನ ಹೆಜ್ಜೆಯ ವಿಳಾಸವು ಸಾಮಾನ್ಯವಾಗಿ ಬದಲಾಗದೆ ೧೯೨.೦.೨.೨ ಎಂದೇ ಉಳಿಯುತ್ತದೆ. ಖ ರೌಟರಿಗೆ ಆ ಹೊರತಂತಿಯ ಗುರುತೇ ಇಲ್ಲದಿದ್ದರೆ ದಾರಿಯನ್ನು ಕೇಳಿಯೂ ಅದು ಉಪಯೋಗಿಸಲಾರದು. ಈ ಕೆಲಸಕ್ಕೆ ಹೊಸಬರಾದವರು ಮೊತ್ತಮೊದಲು ಎಡವುವ ಕಲ್ಲು ಇದೇ. ಪರಿಹಾರಗಳು ಎರಡುಂಟು: ಆ ಹೊರತಂತಿಯ ವಿಳಾಸವನ್ನು ಮನೆಯೊಳಗಿನ ದಾರಿಪಟ್ಟಿಯಲ್ಲಿಯೂ ಸೇರಿಸುವುದು, ಇಲ್ಲವೆ ಮುಂದಿನ ಹೆಜ್ಜೆಯು ತಾನೇ ಎಂದು ಕ ರೌಟರು ಖ ರೌಟರಿಗೆ ಹೇಳುವಂತೆ ಏರ್ಪಡಿಸುವುದು.

ಇನ್ನೊಂದು ಭೇದವೂ ಉಂಟು. ಹೊರಗಿನ ನೆರೆಯವರು ಸಾಮಾನ್ಯವಾಗಿ ಒಂದೇ ತಂತಿಯ ತುದಿಗಳಲ್ಲಿರತಕ್ಕವರು. ಒಳಗಿನವರು ಹಾಗಿರಬೇಕಾಗಿಲ್ಲ, ಮನೆಯೊಳಗಿನ ಬೇರೆ ಯಂತ್ರಗಳ ಮೂಲಕ ದೂರದಿಂದಲೂ ಮಾತನಾಡಬಹುದು. ಆದ್ದರಿಂದ ಅಲ್ಲಿ ಯಾವ ಒಂದು ತಂತಿಗೂ ಅಂಟದೆ ಯಂತ್ರಕ್ಕೇ ಸೇರಿದ ಲೂಪ್‌ಬ್ಯಾಕ್ ಎಂಬ ವಿಳಾಸವನ್ನು ಬಳಸುವ ರೂಢಿಯಿದೆ. ಒಂದು ತಂತಿಯು ಕಡಿದುಹೋದರೂ ಇನ್ನೊಂದು ದಾರಿಯಿದ್ದರೆ ಮಾತು ನಿಲ್ಲುವುದಿಲ್ಲ.

೬

ಮನೆಯೊಳಗೆ ಪ್ರವರವು ಬೆಳೆಯುವುದಿಲ್ಲವೆಂದ ಮೇಲೆ ಅಲ್ಲಿ ಮಾತು ಸುತ್ತಿ ಬರುವುದನ್ನು ಕಂಡುಹಿಡಿಯುವ ಬಗೆ ಹೇಗೆ? ಇದಕ್ಕೆ ರಚನಕಾರರು ಒಂದು ಕಠಿನವಾದ ನಿಯಮವನ್ನು ಮಾಡಿದರು. ಒಳಗಿನವನೊಬ್ಬನಿಂದ ಕೇಳಿದುದನ್ನು ಒಳಗಿನ ಇನ್ನೊಬ್ಬನಿಗೆ ಹೇಳಬಾರದು. ಹೊರಗಿನಿಂದ ಕೇಳಿದವನೇ ಮನೆಯವರೆಲ್ಲರಿಗೂ ಸ್ವತಃ ತಿಳಿಸತಕ್ಕದ್ದು. ಚಾಡಿಮಾತಿಗೆ ಎಡೆಯಿಲ್ಲದ ಈ ನಿಯಮವು ನೀತಿಗೆ ಒಪ್ಪುವುದಾದರೂ ವ್ಯವಹಾರಕ್ಕೆ ಬಹು ಭಾರವಾಯಿತು. ಪ್ರತಿಯೊಂದು ರೌಟರೂ ಉಳಿದ ಎಲ್ಲವುಗಳೊಡನೆ ಮಾತಿನ ಸಂಬಂಧವನ್ನು ಇಟ್ಟುಕೊಳ್ಳಬೇಕಾಗುವುದರಿಂದ, ಮನೆಯಲ್ಲಿ ೧೦ ರೌಟರುಗಳಿದ್ದರೆ ೪೫ ಸಂಬಂಧಗಳು ಬೇಕು. ೧೦೦ ಇದ್ದರೆ ೪,೯೫೦ ಬೇಕು.

೧೯೯೬ರ ಜೂನಿನಲ್ಲಿ ಇದಕ್ಕೆ ಎರಡು ಉಪಾಯಗಳು ಪ್ರಕಟವಾದವು. ಒಂದರಲ್ಲಿ ಮನೆಯ ಹಿರಿಯನಂತೆ ಒಂದು ರೌಟರನ್ನು ನಿಯಮಿಸಿ, ಉಳಿದವರ ಮಾತನ್ನು ಉಳಿದವರಿಗೆ ಮುಟ್ಟಿಸುವ ಅಧಿಕಾರವನ್ನು ಅದೊಂದಕ್ಕೆ ಮಾತ್ರ ಕೊಡಲಾಯಿತು. ಇದಕ್ಕೆ ರೌಟ್ ರಿಫ್ಲೆಕ್ಟರ್ ಎಂದು ಹೆಸರು. ಅದು ಹಾಗೆ ಮುಟ್ಟಿಸುವಾಗ ಮಾತಿನ ಮೂಲವು ಯಾರೆಂಬ ಗುರುತನ್ನೂ ಕೂಡಿಸುತ್ತದೆ. ಆದ್ದರಿಂದ ಸುತ್ತುವಿಕೆಯ ಭಯವಿಲ್ಲ. ಇನ್ನೊಂದು ಉಪಾಯದಲ್ಲಿ ದೊಡ್ಡ ಮಂಡಲವನ್ನು ಒಳಗೊಳಗೆ ಚಿಕ್ಕ ಮಂಡಲಗಳಾಗಿ ಪಾಲುಮಾಡಿ ಹೊರಗಿನವರಿಗೆ ಮಾತ್ರ ಒಂದೇ ಆಗಿ ಕಾಣಿಸಿಕೊಳ್ಳುವುದು. ಅವಿಭಕ್ತ ಕುಟುಂಬಗಳ ನಡೆವಳಿಯನ್ನು ಬಲ್ಲ ವಾಚಕರಿಗೆ ಇವೆರಡೂ ಹೊಸ ಯುಕ್ತಿಗಳಾಗಿ ತೋರಲಾರವು.

೭

ಇಷ್ಟೆಲ್ಲ ವಿವೇಕದಿಂದ ಕೂಡಿದ್ದರೂ ಈ ಒಡಂಬಡಿಕೆಯಲ್ಲಿ ಒಂದು ವಿಷಯವನ್ನು ಮೊದಲಿನಿಂದಲೂ ಬಿಟ್ಟುಬಿಡಲಾಗಿದ್ದಿತು. ನೆರೆಯವನು ಹೇಳಿದ್ದು ನಿಜವೇ ಎಂದು ಪರೀಕ್ಷಿಸುವ ಉಪಾಯವು ಅದರಲ್ಲಿರಲಿಲ್ಲ. ೧೯೮೯ರಲ್ಲಿ ಒಬ್ಬರನ್ನೊಬ್ಬರು ಬಲ್ಲ ಕೆಲವೇ ಮಂದಿಯ ಸಮಾಜಕ್ಕೆ ಅದು ಬೇಕೆಂದೂ ತೋರಿರಲಿಲ್ಲ. ಈ ಕೊರತೆಯ ಫಲವನ್ನು ಮೂರು ಘಟನೆಗಳಲ್ಲಿ ಕಾಣಬಹುದು.

ಮೊದಲನೆಯದು ೧೯೯೭ನೆಯ ಇಸವಿ ಏಪ್ರಿಲ್ ೨೫ರದು. ಅಮೆರಿಕದಲ್ಲಿ ೭೦೦೭ ಎಂಬ ಸಂಖ್ಯೆಯ ಮಂಡಲವು ಇತರರಿಗೆ ಸೇರಿದ ಅಸಂಖ್ಯಾತ ದಾರಿಗಳನ್ನು, ಸಣ್ಣ ಸಣ್ಣ ತುಂಡುಗಳನ್ನಾಗಿ ಮಾಡಿ, ಅವುಗಳ ಪೂರ್ವಪ್ರವರವಿಲ್ಲದೆ, ತಾನೇ ಅವುಗಳಿಗೆಲ್ಲ ಮೂಲವೆಂಬಂತೆ ಹೊರಗೆ ಸಾರಿಬಿಟ್ಟಿತು. ಇಬ್ಬರು ದಾರಿ ಹೇಳಿದರೆ ಹೆಚ್ಚು ನಿಖರವಾಗಿ, ಎಂದರೆ ಚಿಕ್ಕ ತುಂಡಿಗೆ ದಾರಿ ಹೇಳುವವನ ಮಾತೇ ಎಲ್ಲ ರೌಟರುಗಳಿಗೂ ಪ್ರಮಾಣ. ಆದ್ದರಿಂದ ಅಂತರ್ಜಾಲದ ಸಂದೇಶಗಳಲ್ಲಿ ಬಹುಭಾಗವು ಆ ಒಂದು ಚಿಕ್ಕ ಮಂಡಲದ ಕಡೆಗೆ ನುಗ್ಗಿ ಅಲ್ಲಿಯೇ ನಷ್ಟವಾಯಿತು. ದೋಷವುಳ್ಳ ಯಂತ್ರದ ಸಂಬಂಧವನ್ನು ಕಡಿದುಹಾಕಿದ ಮೇಲೆಯೂ ಅದರ ಮಾತುಗಳು ಕೆಲವು ಕಾಲ ಇತರರ ಬಾಯಿಗಳಲ್ಲಿ ಸುಳಿದಾಡುತ್ತಲೇ ಇದ್ದವು.

ಎರಡನೆಯದು ೨೦೦೮ನೆಯ ಇಸವಿ ಫೆಬ್ರವರಿ ೨೪ರದು. ಯೂಟ್ಯೂಬ್ ಎಂಬ ಚಲಚ್ಚಿತ್ರಗಳ ತಾಣವನ್ನು ದೇಶದೊಳಗೆ ತಡೆಯಬೇಕೆಂಬ ಸರಕಾರದ ಆಜ್ಞೆಯನ್ನು ನಡೆಯಿಸುವುದಕ್ಕಾಗಿ ಪಾಕಿಸ್ತಾನ ಟೆಲಿಕಾಂ ಸಂಸ್ಥೆಯು ಆ ತಾಣದ ವಿಳಾಸಗಳಿಗೆ ಒಂದು ಕುರುಡು ದಾರಿಯನ್ನು ಏರ್ಪಡಿಸಿತು. ಅದು ಮನೆಯೊಳಗೆ ಮಾತ್ರ ಇರಬೇಕಾದ ಮಾತು. ಆದರೆ ಅದು ಗ್ರೀನಿಚ್ ವೇಳೆ ೧೮ ಗಂಟೆ ೪೭ ನಿಮಿಷಕ್ಕೆ ಹೊಸ್ತಿಲನ್ನು ದಾಟಿತು. ಹೊರಗಿನ ದೊಡ್ಡ ನೆರೆಯವನು ಅದನ್ನು ಪರೀಕ್ಷಿಸದೆ ಜಗತ್ತಿಗೆ ಸಾರಿದನು. ಯೂಟ್ಯೂಬ್ ಸಾರುತ್ತಿದ್ದದ್ದು ೧,೦೨೪ ವಿಳಾಸಗಳ ಗುಂಪು. ಪಾಕಿಸ್ತಾನದಿಂದ ಬಂದದ್ದು ಅದರೊಳಗಿನ ೨೫೬ರ ತುಂಡು. ಚಿಕ್ಕ ತುಂಡಿಗೆ ಪ್ರಾಶಸ್ತ್ಯವಾದುದರಿಂದ ಜಗತ್ತಿನ ಪ್ರೇಕ್ಷಕರಲ್ಲಿ ಬಹುಮಂದಿ ಆ ಕುರುಡು ದಾರಿಗೆ ಬಿದ್ದರು. ಯೂಟ್ಯೂಬಿನವರು ೨೦ ಗಂಟೆ ೭ ನಿಮಿಷಕ್ಕೆ ಅದೇ ೨೫೬ರ ತುಂಡನ್ನೂ, ೨೦ ಗಂಟೆ ೧೮ ನಿಮಿಷಕ್ಕೆ ಅದನ್ನು ೧೨೮ರ ಎರಡು ಹೋಳುಗಳಾಗಿಯೂ ಸಾರಿ ತಮ್ಮ ಮನೆಯ ದಾರಿಯನ್ನು ತಾವೇ ಬಿಡಿಸಿಕೊಳ್ಳಬೇಕಾಯಿತು. ೨೧ ಗಂಟೆ ೧ ನಿಮಿಷಕ್ಕೆ ಹುಸಿದಾರಿಯು ಹಿಂದೆಗೆಯಲ್ಪಟ್ಟಿತು.

ಮೂರನೆಯದು ೨೦೨೧ನೆಯ ಇಸವಿ ಅಕ್ಟೋಬರ್ ೪ರದು. ಫೇಸ್‌ಬುಕ್ ಸಂಸ್ಥೆಯವರು ತಮ್ಮ ಜಾಲವನ್ನು ಶೋಧಿಸುತ್ತಿದ್ದಾಗ ಒಂದು ತಪ್ಪು ಆಜ್ಞೆಯಿಂದ ಅವರ ಒಳಗಿನ ಹೆದ್ದಾರಿಯೆಲ್ಲ ಕಡಿದುಹೋಯಿತು. ಹೆಸರುಗಳಿಂದ ವಿಳಾಸಗಳನ್ನು ತಿಳಿಸುವ ಅವರ ಯಂತ್ರಗಳು ಒಳಗಿನ ಸಂಬಂಧವು ಕಾಣದಿದ್ದುದರಿಂದ, ತಮಗೆ ಕೊಟ್ಟಿದ್ದ ಕಟ್ಟಳೆಯಂತೆ, ತಮ್ಮ ದಾರಿಗಳನ್ನು ಹೊರಗಿನವರಿಂದ ಬಿ.ಜಿ.ಪಿ.ಯ ಮೂಲಕ ಹಿಂದೆಗೆದುಕೊಂಡವು. ಹೊರಗಿನವರ ಪಾಲಿಗೆ ಆ ಸಂಸ್ಥೆಯು ಜಗತ್ತಿನಿಂದಲೇ ಅಳಿದುಹೋದಂತಾಯಿತು. ಸುಮಾರು ಆರು ಗಂಟೆಗಳ ಕಾಲ ಕೋಟ್ಯಂತರ ಜನರ ವ್ಯವಹಾರವೂ, ವಾಟ್ಸಾಪಿನಲ್ಲಿ ಮನೆಮಂದಿಯ ಕ್ಷೇಮಸಮಾಚಾರವೂ ನಿಂತುಹೋದವು. ದುರಸ್ತಿ ಮಾಡಬೇಕಾದವರ ಸಲಕರಣೆಗಳೂ ಅದೇ ಜಾಲವನ್ನು ಅವಲಂಬಿಸಿದ್ದುದರಿಂದ ಅವರು ಯಂತ್ರಗಳಿದ್ದ ಕಟ್ಟಡಗಳಿಗೇ ಹೋಗಿ ಕೆಲಸ ಮಾಡಬೇಕಾಯಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮ್ಯವು ಕಾಣುತ್ತದೆ. ಮೊದಲನೆಯದರಲ್ಲಿ ಹೊರಗಿನವರ ದಾರಿಗಳು ಪ್ರವರವನ್ನು ಕಳೆದುಕೊಂಡು ಮನೆಯವೇ ಎಂಬಂತೆ ಹೊರಬಿದ್ದವು. ಎರಡನೆಯದರಲ್ಲಿ ಒಳಗೇ ಇರಬೇಕಾದ ಮಾತು ಹೊರಗೆ ಹೋಯಿತು. ಮೂರನೆಯದರಲ್ಲಿ ಒಳಗಿನ ಕಲಹವು ಹೊರಬಾಗಿಲನ್ನೇ ಮುಚ್ಚಿತು. ಪ್ರಮಾದವು ಪ್ರತಿಸಲವೂ ಒಳಗೂ ಹೊರಗೂ ಕೂಡುವ ಹೊಸ್ತಿಲಿನಲ್ಲಿಯೇ ಫಲಿಸಿದೆ. ಎರಡನೆಯದರಲ್ಲಂತೂ ಹುಸಿಯನ್ನು ಹೇಳಿದ ಮನೆಯ ಜೊತೆಗೆ ಅದನ್ನು ಕೇಳಿ ಮುಂದಕ್ಕೆ ಹೇಳಿದ ನೆರೆಮನೆಯೂ ಪಾಲುಗಾರನಾಗಿದ್ದಿತು.

೮

ಪರಿಹಾರದ ಯತ್ನಗಳೂ ನಡೆಯದೆ ಇಲ್ಲ. ೨೦೧೨ರಲ್ಲಿ ಆರ್.ಪಿ.ಕೆ.ಐ. ಎಂಬ ಏರ್ಪಾಡಿನ ರೂಪವು ಪ್ರಕಟವಾಯಿತು. ಇಂತಿಷ್ಟು ವಿಳಾಸಗಳನ್ನು ಇಂತಹ ಮಂಡಲವು ಮಾತ್ರ ಮೂಲವಾಗಿ ಸಾರಬಹುದೆಂದು ಆ ವಿಳಾಸಗಳ ಒಡೆಯನು ಕೂಟಲಿಪಿಯ ರುಜುವಿನೊಡನೆ ಒಂದು ಸನ್ನದನ್ನು ನೋಂದಣಿ ಸಂಸ್ಥೆಯ ಮೂಲಕ ಪ್ರಕಟಿಸುತ್ತಾನೆ. ದಾರಿಯನ್ನು ಕೇಳಿದ ರೌಟರು ಅದನ್ನು ಆ ಸನ್ನದಿನೊಡನೆ ತಾಳೆನೋಡಿ, ಹೊಂದದಿದ್ದರೆ ತಳ್ಳಿಹಾಕಬಹುದು. ಎಷ್ಟು ಚಿಕ್ಕ ತುಂಡಿನವರೆಗೆ ಸಾರಬಹುದೆಂಬುದೂ ಸನ್ನದಿನಲ್ಲಿರುವುದರಿಂದ ೨೦೦೮ರಂತಹ ಪ್ರಮಾದವು ಇದರಿಂದ ತಡೆಯಲ್ಪಡುತ್ತದೆ. ಆದರೆ ಇದು ಪರೀಕ್ಷಿಸುವುದು ಪ್ರವರದ ಮೂಲಪುರುಷನನ್ನು ಮಾತ್ರ. ನಡುವಿನ ಹೆಸರುಗಳು ನಿಜವೇ ಎಂಬುದನ್ನಲ್ಲ. ಅದಕ್ಕಾಗಿ ೨೦೧೭ರಲ್ಲಿ ಬಿ.ಜಿ.ಪಿ.ಸೆಕ್ ಎಂಬುದು ನಿರೂಪಿತವಾಯಿತಾದರೂ ಅದರ ಬಳಕೆಯು ವಿರಳವಾಗಿಯೇ ಇದೆ.

ಭಾರತವೂ ಈ ಚರಿತ್ರೆಗೆ ಹೊರಗಾದುದಲ್ಲ. ೧೯೮೬ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಸಂಸ್ಥೆಗಳ ಜಾಲದ ಮೊದಲ ಪಾಲುಗಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿದ್ದಿತು. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ಒದಗಿಸಿತು. ಆ ಮೇಲೆ ಖಾಸಗಿ ಸಂಸ್ಥೆಗಳು ಹಲವು ಹುಟ್ಟಿದುವಾದರೂ ಅವು ತಮ್ಮ ತಮ್ಮಲ್ಲಿ ನೆರೆತನವನ್ನು ಮಾಡಿಕೊಂಡಿರದ ಎಡೆಯಲ್ಲಿ ಒಂದೇ ದೇಶದ ಎರಡು ಮನೆಗಳ ನಡುವಿನ ಸಂದೇಶವೂ ಪರದೇಶವನ್ನು ಸುತ್ತಿ ಬರಬೇಕಾಗುತ್ತಿದ್ದಿತು. ಈ ಅನಾವಶ್ಯಕವಾದ ವ್ಯಯವನ್ನು ತಪ್ಪಿಸುವುದಕ್ಕಾಗಿ ೨೦೦೩ರಲ್ಲಿ ನಿಕ್ಸಿ ಎಂಬ ವಿನಿಮಯಕೇಂದ್ರದ ಸಂಸ್ಥೆಯು ಸ್ಥಾಪಿತವಾಯಿತು. ಬೆಂಗಳೂರಿನಲ್ಲಿಯೂ ಅದರ ಕೇಂದ್ರವೊಂದುಂಟು. ಅಲ್ಲಿ ಕಲೆತ ಮಂಡಲಗಳು ತಮ್ಮ ತಮ್ಮ ದಾರಿಗಳನ್ನು ಇದೇ ಬಿ.ಜಿ.ಪಿ.ಯ ಭಾಷೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತವೆ.

ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಈ ಒಡಂಬಡಿಕೆಯು ಬಾಳಿಬಂದಿದೆ. ಸಾರಲ್ಪಡುವ ದಾರಿಗಳ ಸಂಖ್ಯೆಯು ೨೦೧೪ರ ಆಗಸ್ಟಿನಲ್ಲಿ ೫,೧೨,೦೦೦ವನ್ನು ದಾಟಿದಾಗ ಹಳೆಯ ರೌಟರುಗಳಲ್ಲಿ ಹಲವು ತಮ್ಮ ಸ್ಮರಣೆಯು ಸಾಲದೆ ತಡವರಿಸಿದವು. ಈಗ ಅದು ೯ ಲಕ್ಷವನ್ನೂ ಮೀರಿದೆ. ಮೊದಲು ೬೫,೫೩೬ಕ್ಕಿಂತ ಹೆಚ್ಚು ಮಂಡಲಸಂಖ್ಯೆಗಳಿಗೆ ಎಡೆಯಿರಲಿಲ್ಲ. ೨೦೦೭ರಲ್ಲಿ ಆ ಮಿತಿಯನ್ನು ಸಡಿಲಿಸಬೇಕಾಯಿತು. ಊಟದ ಮೇಜಿನ ಮೇಲೆ ತತ್ಕಾಲಕ್ಕೆಂದು ಗೀಚಿದ ಗೆರೆಗಳು ಇಷ್ಟು ಭಾರವನ್ನು ಹೊತ್ತುನಿಂತದ್ದಕ್ಕೆ ಕಾರಣವು ಸ್ಪಷ್ಟವಾಗಿದೆ. ಮನೆಯೊಳಗಿನ ವಿಷಯದಲ್ಲಿ ಅದು ಯಾರಿಗೂ ಅಡ್ಡಬರಲಿಲ್ಲ; ಹೊಸ್ತಿಲಿನಲ್ಲಿ ನಿಂತು ಆಡಬೇಕಾದ ಮಾತು ನಾಲ್ಕನ್ನು ಮಾತ್ರ ಕಲಿಸಿತು. ಆ ಮಾತು ಸತ್ಯವಾಗಿರಬೇಕೆಂಬ ಹೊಣೆಯನ್ನು ಅದು ಯಂತ್ರಗಳಿಗೆ ವಹಿಸಲಿಲ್ಲ, ಮನೆಯವರಿಗೇ ಬಿಟ್ಟಿತು. ಸನ್ನದುಗಳು ಬಂದಿರುವ ಈಗಲೂ ಅವುಗಳನ್ನು ಬರೆಯಿಸುವುದು, ತಾಳೆನೋಡುವುದು, ಒಳಮಾತು ಹೊರಬೀಳದಂತೆ ಬಾಗಿಲನ್ನು ಕಾಯುವುದು ಒಂದೊಂದು ಮಂಡಲವೂ ತಾನೇ ಮಾಡಿಕೊಳ್ಳಬೇಕಾದ ಕೆಲಸವಾಗಿದೆ. ಮಾಡದವನಿಗೆ ದಂಡ ವಿಧಿಸುವ ಚಕ್ರವರ್ತಿಯು ಇಲ್ಲಿಲ್ಲ. ಅವನ ತಪ್ಪಿನಿಂದ ದಾರಿಗೆಡುವವರು ಮಾತ್ರ ಬಹು ದೂರದ ಮನೆಗಳಲ್ಲಿಯೂ ಇದ್ದಾರೆ.